ದಾದಿಮಾಳ ಮಾತು, ಮೊಮ್ಮಗನ ಓದು

ಒಂದು ಸಂಜೆ ಮೂರನೆಯ ತರಗತಿಯ ನನ್ನ ಮಗ ಇಂಗ್ಲಿಷ್ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದನು. ಒಬ್ಬ ರೈತ, ಅವನ ಹೊಲ, ಹೊಲದಲ್ಲೊಂದು ಬಾವಿ. ಅವನು ಎಲ್ಲಿಯೂ ತಡವರಿಸಲಿಲ್ಲ. ನಾನು ಹೆಮ್ಮೆಯಿಂದ, ‘ಬೇಸಿಗೆಯಲ್ಲಿ ಆ ಬಾವಿಗೆ ಏನಾಯಿತು?’ ಎಂದು ಕೇಳಿದೆ. ಅವನು ನನ್ನ ಮುಖ ನೋಡಿ, ‘ಯಾವ ಬಾವಿ ಅಬ್ಬಾ?’ ಎಂದನು. ಪಾಠದಲ್ಲಿ ಮತ್ತೆ ಮತ್ತೆ ಬರುವ ‘ವೆಲ್’ ಎಂಬ ಪದಕ್ಕೆ ‘ಚೆನ್ನಾಗಿ’ ಎಂಬ ಅರ್ಥವೊಂದೇ ಅವನಿಗೆ ಗೊತ್ತಿತ್ತು. ಶಿಕ್ಷಕಿ ಅವನ ಪುಸ್ತಕದಲ್ಲಿ ಬರೆಯುತ್ತಿದ್ದ ‘ವೆಲ್ ಡನ್’ನಿಂದ ಅವನು ಅದನ್ನು ಕಲಿತಿದ್ದನು. ಬಾವಿಯಿಲ್ಲದ ಬಾವಿಯ ಪಾಠವನ್ನು ನನ್ನ ಮಗ ನಿರರ್ಗಳವಾಗಿ ಓದಿದ್ದನು.

ನನಗೆ ನನ್ನ ಬಾಲ್ಯ ನೆನಪಾಯಿತು. ಮದ್ರಸಾದಲ್ಲಿ ಕಾಯಿದಾ ಮುಗಿಸಿ, ಕೆಲವೇ ವರ್ಷಗಳಲ್ಲಿ ನಾನು ಪವಿತ್ರ ಕುರ್‌ಆನ್ ಪೂರ್ತಿ ಓದಿದ್ದೆ. ಅಕ್ಷರಗಳ ಉಚ್ಚಾರಣೆ ಸರಿಯಾಗಿತ್ತು, ಅರ್ಥ ಮಾತ್ರ ಒಂದು ವಾಕ್ಯದ್ದೂ ತಿಳಿದಿರಲಿಲ್ಲ. ಕುರ್‌ಆನಿನ ಪಾರಾಯಣಕ್ಕೆ ಅದರದೇ ಆದ ಪುಣ್ಯವಿದೆ. ಒಂದೊಂದು ಅಕ್ಷರಕ್ಕೂ ಪ್ರತಿಫಲವಿದೆಯೆಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ಆದರೆ ಶಾಲೆಯ ಪಾಠಕ್ಕೆ ಅಂತಹ ಯಾವ ವಾಗ್ದಾನವೂ ಇಲ್ಲ. ಅರ್ಥವಾಗದ ಪಾಠದಿಂದ ಮಗುವಿಗೆ ದಕ್ಕುವುದು ದಣಿವು ಮಾತ್ರ.

1986ರಲ್ಲಿ ಗಾಫ್ ಮತ್ತು ಟನ್ಮರ್ ಎಂಬ ಇಬ್ಬರು ವಿದ್ವಾಂಸರು ಓದಿನ ಬಗ್ಗೆ ಒಂದು ಸರಳ ಸೂತ್ರವನ್ನು ಮುಂದಿಟ್ಟರು. ಅಕ್ಷರಗಳನ್ನು ಬಿಡಿಸಿ ಓದುವ ಶಕ್ತಿಯನ್ನು ಭಾಷೆಯನ್ನು ಕೇಳಿ ಅರಿಯುವ ಶಕ್ತಿಯಿಂದ ಗುಣಿಸಿದಾಗ ಬರುವುದೇ ಗ್ರಹಿಕೆಯುಳ್ಳ ಓದು. ಇದು ಕೂಡಿಕೆಯಲ್ಲ, ಗುಣಾಕಾರ. ಎರಡರಲ್ಲಿ ಒಂದು ಸೊನ್ನೆಯಾದರೂ ಉತ್ತರ ಸೊನ್ನೆಯೇ. ಕನ್ನಡದಲ್ಲಿ ಈ ಅಪಾಯ ಇನ್ನಷ್ಟು ಮರೆಯಾಗಿರುತ್ತದೆ. ನಮ್ಮ ಲಿಪಿಯಲ್ಲಿ ಬರೆದಂತೆಯೇ ಬಹುಮಟ್ಟಿಗೆ ಉಚ್ಚಾರಣೆ. ಕಾಗುಣಿತ ಮತ್ತು ಒತ್ತಕ್ಷರ ಕೈವಶವಾದ ಮಗು ಏನನ್ನಾದರೂ ಓದಿಬಿಡುತ್ತದೆ. ಆ ಧ್ವನಿಯನ್ನು ಕೇಳಿ ತಂದೆತಾಯಿ ಸಮಾಧಾನಪಡುತ್ತಾರೆ.

ನನ್ನ ಮಗನ ಭಾಷೆಯ ಆ ಇನ್ನೊಂದು ಅಂಶವನ್ನು ಸೊನ್ನೆಯ ಸಮೀಪಕ್ಕೆ ತಂದವನು ನಾನೇ ಎಂಬುದನ್ನು ಒಪ್ಪಿಕೊಳ್ಳಬೇಕಾಗಿದೆ. ನಮ್ಮ ಮನೆಮಾತು ದಖ್ಖನಿ. ಅವನನ್ನು ಶಾಲೆಗೆ ಸೇರಿಸಿದಾಗ, ಮನೆಯಲ್ಲಿಯೂ ಇಂಗ್ಲಿಷಿನಲ್ಲಿಯೇ ಮಾತನಾಡಿ ಎಂಬ ಸಲಹೆ ದೊರೆಯಿತು. ನಾನು ಅದನ್ನು ಶಿರಸಾವಹಿಸಿದೆ. ದಖ್ಖನಿ ಮತ್ತು ಸಂತೆಯ ಕನ್ನಡ ಬಿಟ್ಟು ಬೇರೆ ಭಾಷೆ ತಿಳಿಯದ ನನ್ನ ಅಮ್ಮಿಗೆ, ‘ಮಗುವಿನೊಡನೆ ನಮ್ಮ ಮಾತು ಆಡಬೇಡಿ, ಅವನ ಇಂಗ್ಲಿಷ್ ಕೆಡುತ್ತದೆ’ ಎಂದು ಹೇಳಿದೆ. ಅವರು ಮರುಮಾತಾಡಲಿಲ್ಲ. ಅಂದಿನಿಂದ ಮೊಮ್ಮಗನ ತಲೆ ಸವರುತ್ತಿದ್ದರು, ಊಟ ಬಡಿಸುತ್ತಿದ್ದರು. ರಾತ್ರಿಯ ಕಥೆಗಳು ಮಾತ್ರ ನಿಂತುಹೋದವು. ನನಗೂ ನನ್ನ ಪತ್ನಿಗೂ ಬರುತ್ತಿದ್ದ ಇಂಗ್ಲಿಷಾದರೂ ಎಷ್ಟು? ಬಾ, ಕೂರು, ತಿನ್ನು, ಮಲಗು. ಎರಡು ವರ್ಷ ಆ ಮಗು ನಮ್ಮಿಂದ ಆಜ್ಞೆಗಳನ್ನಷ್ಟೇ ಕೇಳಿತು. ‘ಏಕೆ’, ‘ಆದುದರಿಂದ’, ‘ಹಾಗಾಗಿದ್ದರೆ’ ಎಂಬ ಮಾತುಗಳು ಯಾವ ಭಾಷೆಯಲ್ಲಿಯೂ ಅದರ ಕಿವಿಗೆ ಬೀಳಲಿಲ್ಲ.

ಆ ರಾತ್ರಿ ನಾನು ಅಮ್ಮಿಯ ಬಳಿ ಕುಳಿತು ಕ್ಷಮೆ ಕೇಳಿದೆ. ಅವರು ಮೊಮ್ಮಗನನ್ನು ಪಕ್ಕದಲ್ಲಿ ಮಲಗಿಸಿಕೊಂಡು ‘ಬಾವಡಿ’ಯ ಕಥೆ ಆರಂಭಿಸಿದರು. ಅದು ಪ್ರವಾದಿ ಯೂಸುಫ್(ಅ)ರ ಕಥೆ. ಸಹೋದರರು ಅವರನ್ನು ಬಾವಿಯ ಆಳಕ್ಕೆ ಹಾಕಿದ್ದು, ದಾರಿಹೋಕರ ತಂಡವೊಂದು ಬಂದದ್ದು, ನೀರಿಗಾಗಿ ಕೊಡ ಇಳಿಬಿಟ್ಟವನಿಗೆ ಬಾಲಕ ಕಂಡದ್ದು. ಮಗು ಎದ್ದು ಕುಳಿತು, ‘ಕಾಯ್ಕೂ ದಾದಿಮಾ, ಕಾಯ್ಕೂ ಹಾಕಿದರು?’ ಎಂದು ತನಗೆ ಉಳಿದಿದ್ದ ಅರೆಬರೆ ದಖ್ಖನಿಗೆ ಕನ್ನಡ ಬೆರೆಸಿ ಕೇಳಿತು. ಅಸೂಯೆ ಎಂದರೇನು ಎಂಬುದನ್ನು ಅಮ್ಮಿ ತಾಳ್ಮೆಯಿಂದ ವಿವರಿಸಿದರು. ಮರುದಿನ ನಾನು, ‘ನಿನ್ನ ಪಾಠದ ವೆಲ್ ಎಂದರೆ ದಾದಿಮಾಳ ಬಾವಡಿ’ ಎಂದೆ. ಅವನು ಪಾಠವನ್ನು ಪುನಃ ಓದಿದನು, ಈ ಬಾರಿ ನಿಧಾನವಾಗಿ. ಕೆಲವು ವಾರಗಳ ಬಳಿಕ ಇಂಗ್ಲಿಷಿನಲ್ಲಿ ತಾನೇ ನಾಲ್ಕು ಸಾಲು ಬರೆದು ತೋರಿಸಿದನು. ಕಾಗುಣಿತ ತಪ್ಪಿತ್ತು. ಆದರೆ ಸಹೋದರರು ಹಾಗೇಕೆ ಮಾಡಿದರೆಂಬ ಕಾರಣ ಅದರಲ್ಲಿತ್ತು. ಯಾರಿಂದಲೂ ನಕಲು ಮಾಡದ ಅವನ ಮೊದಲ ಬರಹ ಅದು.

ಆ ಬಳಿಕ ಕುರ್‌ಆನನ್ನು ಓದುವಾಗ ಕೆಲವು ಸೂಕ್ತಗಳು ಹೊಸದಾಗಿ ಕಂಡವು. ಏನನ್ನೂ ಅರಿಯದ ಸ್ಥಿತಿಯಲ್ಲಿ ತಾಯಂದಿರ ಗರ್ಭದಿಂದ ಹೊರಬಂದ ಮಾನವನಿಗೆ ಅಲ್ಲಾಹನು ಶ್ರವಣವನ್ನೂ ದೃಷ್ಟಿಯನ್ನೂ ಹೃದಯವನ್ನೂ ಕೊಟ್ಟನೆಂದು ಅನ್ನಹ್ಲ್ ಅಧ್ಯಾಯ (16:78) ನೆನಪಿಸುತ್ತದೆ. ಅಲ್ಲಿ ಮೊದಲು ಬರುವುದು ಶ್ರವಣ. ಮಗುವೂ ಮೊದಲು ಕೇಳುತ್ತದೆ, ಬಳಿಕ ಮಾತನಾಡುತ್ತದೆ, ಓದು ಬರಹಗಳು ಆಮೇಲಿನವು. ಲೇಖನಿಯಿಂದ ಕಲಿಸಿದವನೇ (96:4) ಮಾತನ್ನೂ ಕಲಿಸಿದನು (55:4). ಪ್ರತಿಯೊಬ್ಬ ದೂತರನ್ನೂ ಅವರ ಜನತೆಯ ಭಾಷೆಯಲ್ಲಿಯೇ ಕಳುಹಿಸಲಾಯಿತು (14:4). ನಮ್ಮ ಭಾಷೆಗಳ ವೈವಿಧ್ಯವೇ ಅವನ ದೃಷ್ಟಾಂತಗಳಲ್ಲೊಂದು (30:22). ಹಾಗಿರುವಾಗ ದಖ್ಖನಿಯೋ ಬ್ಯಾರಿಯೋ ನವಾಯತಿಯೋ ಮಗುವಿನ ಭವಿಷ್ಯಕ್ಕೆ ಅಡ್ಡಿಯೆಂದು ನಾಚುವುದು ಎಷ್ಟು ಸರಿ?

ಇದರರ್ಥ ಇಂಗ್ಲಿಷ್ ಬೇಡವೆಂದಲ್ಲ. ಯಹೂದಿಯರ ಲಿಪಿಯನ್ನು ಕಲಿಯುವಂತೆ ಪ್ರವಾದಿ(ಸ)ಯವರು ಝೈದ್ ಬಿನ್ ಸಾಬಿತ್(ರ)ರಿಗೆ ಆದೇಶಿಸಿದ್ದರು. ಅವರು ಅದನ್ನು ಕೆಲವೇ ದಿನಗಳಲ್ಲಿ ಕಲಿತರು. ತಮ್ಮ ಭಾಷೆಯಲ್ಲಿ ಬೇರೂರಿದವರಾಗಿಯೇ ಅವರು ಇನ್ನೊಂದಕ್ಕೆ ಕೈಚಾಚಿದ್ದರು. ಕನ್ನಡ ನಮ್ಮ ನಾಡಿನ ಭಾಷೆ, ಇಂಗ್ಲಿಷ್ ಉನ್ನತ ಶಿಕ್ಷಣದ ಭಾಷೆ. ಎರಡೂ ನಮ್ಮ ಮಕ್ಕಳಿಗೆ ಬೇಕು. ಆದರೆ ಮನೆಮಾತಿನ ಮಣ್ಣನ್ನು ಅಗೆದು ತೆಗೆದರೆ ಯಾವ ಸಸಿಯೂ ನಿಲ್ಲದು.

ಪ್ರಿಯ ಹೆತ್ತವರೇ, ಮಗು ಓದಿ ಮುಗಿಸಿದಾಗ ‘ಭೇಷ್’ ಎನ್ನುವ ಮೊದಲು ‘ಏನಾಯಿತು? ಏಕೆ?’ ಎಂದು ಕೇಳಿರಿ. ಉತ್ತರವನ್ನು ಅದು ಮನೆಮಾತಿನಲ್ಲಿ ಹೇಳಲಿ. ಬರೆಯಲು ಕೂರಿಸುವ ಮೊದಲು ಬಾಯಿಮಾತಿನಲ್ಲಿ ಹೇಳಿಸಿರಿ. ಊಟದ ಹೊತ್ತಿಗೆ ಮೊಬೈಲನ್ನು ದೂರವಿಡಿರಿ. ಮನೆಯಲ್ಲಿ ಹಿರಿಯರಿದ್ದರೆ, ಅವರ ಕಥೆಗಳಿಗೆ ಮಗುವಿನ ರಾತ್ರಿಯಲ್ಲಿ ಜಾಗವಿರಲಿ. ಅವರಿಗೆ ಅಕ್ಷರ ಬಾರದಿದ್ದರೂ ಅವರು ನಮ್ಮ ಮಕ್ಕಳ ಮೊದಲ ಶಿಕ್ಷಕರು.

ನಾಲಿಗೆಯ ಗಂಟನ್ನು ಬಿಚ್ಚು, ಜನರು ನನ್ನ ಮಾತನ್ನು ಅರಿತುಕೊಳ್ಳುವಂತಾಗಲಿ ಎಂದು ಪ್ರವಾದಿ ಮೂಸಾ(ಅ) ಪ್ರಾರ್ಥಿಸಿದ್ದರು. ಆ ಗಂಟನ್ನು ನಾವೇ ಬಿಗಿಯದಿರೋಣ. ಅಲ್ಲಾಹನು ನಮ್ಮ ಮಕ್ಕಳಿಗೆ ಅರಿತು ಓದುವ, ಅರಿತು ಬರೆಯುವ ಸೌಭಾಗ್ಯವನ್ನು ದಯಪಾಲಿಸಲಿ. ಆಮೀನ್.