ಹತ್ತೋದಾ, ಇಳಿಯೋದಾ?

ಹೆಗ್ಗೋಡಿನ ಹತ್ತಿರ ಇರುವ ನಮ್ಮ ಸೋದರಮಾವನ ಮನೆ ಜಗುಲಿಯಲ್ಲಿ ನಾವು ಮೂವರು ಮೊಬೈಲಿಗೆ ತಲೆ ಕೊಟ್ಟು ಕೂತಿದ್ದೆವು. ಮಾವ ಕವಳದ ತಟ್ಟೆ ಎಳೆದುಕೊಂಡು, ಎಲೆಗೆ ಸುಣ್ಣ ಸವರುತ್ತಾ ಕೇಳಿದ್ದು ಒಂದೇ ಪ್ರಶ್ನೆ.

"ನಾಳೆ ಹತ್ತೋದಾ, ಇಳಿಯೋದಾ?"

"ಎರಡೂ ಒಂದೇ ಅಲ್ವಾ ಮಾವ? ಹತ್ತಿದವರು ಇಳೀಲೇಬೇಕು, ಇಳಿದವರು ಹತ್ತಲೇಬೇಕು" ಅಂದೆ. ಆಫೀಸಿನವರ ಮುಂದೆ ಸ್ವಲ್ಪ ಜಾಣತನ ತೋರಿಸೋ ಆಸೆ. ಮಾವ ನಕ್ಕು ತೋಟದ ಕಡೆ ಎದ್ದು ಹೋದರು. ಆ ನಗು ಯಾಕೆ ಅಂತ ಗೊತ್ತಾಗೋಕೆ ಮಾರನೇ ದಿನ ಮಧ್ಯಾಹ್ನ ಎರಡು ಗಂಟೆ ಆಗಬೇಕಾಯ್ತು.

ಅದು ಅಕ್ಟೋಬರ್. ನೀನಾಸಂ ಶಿಬಿರ ಮುಗಿದಿತ್ತು. ಒಂದು ವಾರ ನಾಟಕ, ಚರ್ಚೆ, ಮತ್ತೆ ಆ ನಾಟಕದ ಬಗ್ಗೆ ಚರ್ಚೆ ಅಂತ ಕೂತು ಕೂತು ಕಾಲು ಜಡ್ಡುಗಟ್ಟಿದ್ದವು. ಉಳಿದಿದ್ದು ಒಂದು ಭಾನುವಾರ. ರಾತ್ರಿಗೆ ತಾಳಗುಪ್ಪದಿಂದ ಬರುವ ರೈಲನ್ನು ಸಾಗರದಲ್ಲಿ ಹಿಡಿದರೆ ಸೋಮವಾರ ಬೆಳಗ್ಗೆ ಆಫೀಸು. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕಿನಲ್ಲಿ ಒಂದು ದಿನಕ್ಕೆ ಆಗುವಂಥ ನಡಿಗೆ ಯಾವುದು ಅಂತ ಹುಡುಕಿದರೆ ಸಿಗೋದು ಒಂದೆರಡಲ್ಲ. ನಮ್ಮ ಟೀಮ್ ಲೀಡ್‌ಗೆ ಕೊಡಚಾದ್ರಿಯೇ ಆಗಬೇಕು. 1,343 ಮೀಟರ್, ತುದಿಯಲ್ಲಿ ಶಂಕರಾಚಾರ್ಯರ ಸರ್ವಜ್ಞಪೀಠ, ಮೋಡ, ಫೋಟೋ. ಆದರೆ ಹೆಗ್ಗೋಡಿನಿಂದ ನಿಟ್ಟೂರು ಮುಟ್ಟೋಕೇ ಅರ್ಧ ಬೆಳಗು ಹೋಗುತ್ತೆ. ಅಲ್ಲಿಂದ ಜೀಪಿನಲ್ಲಿ ಸೊಂಟ ಕಳಚಿಕೊಂಡ ಮೇಲೂ ಪೀಠಕ್ಕೆ ಇನ್ನೂ ಹತ್ತಬೇಕು. ರಾತ್ರಿ ರೈಲಿರೋರಿಗೆ ಅದಲ್ಲ. ಕುಂದಾದ್ರಿಗೆ ಗಾಡಿ ತುದಿ ತನಕ ಹೋಗುತ್ತೆ. ಮೇಲಿನ ಪಾರ್ಶ್ವನಾಥ ಬಸದಿ, ಕೊಳ ಎಲ್ಲಾ ಚಂದವೇ, ಆದರೆ ಅದನ್ನ ಹೈಕ್ ಅಂತ ಕರೆಯೋದು ನಿಮ್ಮ ಆತ್ಮಸಾಕ್ಷಿಗೆ ಬಿಟ್ಟಿದ್ದು.

ಕೊನೆಗೆ ಆರಿಸಿದ್ದು ಜೋಗ. ಸಾಗರದಿಂದ ಮೂವತ್ತೇ ಕಿಲೋಮೀಟರ್ ಆಸುಪಾಸು. ಸುಮಾರು 1,400 ಮೆಟ್ಟಿಲು ಇಳಿದರೆ ಶರಾವತಿ ಬೀಳುವ ತಳಕ್ಕೇ ಹೋಗಬಹುದು. ಮೆಟ್ಟಿಲು ತಾನೇ? ದಾರಿ ತಪ್ಪೋ ಹಾಗಿಲ್ಲ, ಕೆಸರಿಲ್ಲ, ಉಂಬಳ ಇಲ್ಲ. ಟೆಸ್ಟಿಂಗ್ ಟೀಮಿನ ಗೆಳತಿಗೆ ಬರೋಕೆ ಅಷ್ಟು ಮನಸ್ಸಿರಲಿಲ್ಲ. "ನಾನು ಮೇಲೇ ಕೂತು ನೋಡ್ತೀನಿ" ಅಂತ ಎರಡು ಸಲ ಹೇಳಿದಳು. "ಅಯ್ಯೋ, ಬರೀ ಮೆಟ್ಟಿಲು ಕಣೇ" ಅಂದವನು ನಾನು.

ಹೊರಟಿದ್ದು ಹನ್ನೊಂದೂವರೆಗೆ. ಇಳಿಯೋದು ಎಷ್ಟು ಸುಲಭ ಅಂದರೆ ಹಾಡು ಹೇಳಿಕೊಂಡು ಇಳಿದೆವು. ಕೆಳಗೆ ಬಂಡೆ ಮೇಲೆ ಕೂತು ತಲೆ ಎತ್ತಿದರೆ 253 ಮೀಟರ್ ಮೇಲಿಂದ ರಾಜ, ರಾಣಿ, ರೋರರ್, ರಾಕೆಟ್. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಜೋಗ ಮೊದಲಿನ ಜೋಗ ಅಲ್ಲ ಅಂತ ಹಿರಿಯರು ಗೊಣಗೋದು ಕೇಳಿದ್ದೆ. ಕೆಳಗೆ ನಿಂತವನಿಗೆ ಇಷ್ಟೇ ಸಾಕು ಅನ್ನಿಸಿತ್ತು. ಮುಖಕ್ಕೆ ಹನಿ, ಕೈಯಲ್ಲಿ ಚುರುಮುರಿ. ಮೂವರಿಗೆ ತಂದಿದ್ದ ಎರಡು ಬಾಟಲಿ ನೀರು ಅಲ್ಲೇ ಖಾಲಿ.

ವಾಪಸ್ ಹೊರಟಾಗ ಮಳೆಗಾಲ ಕಳೆದ ಮೇಲಿನ ಆ ಬೆವರಿಳಿಸೋ ಬಿಸಿಲು ನೆತ್ತಿ ಮೇಲಿತ್ತು. ಜಲಪಾತದ ತಂಪು ಐವತ್ತು ಮೆಟ್ಟಿಲಿಗೆ ಮುಗಿಯಿತು. ಅರ್ಧ ದಾರಿಗೆ ಬರೋ ಹೊತ್ತಿಗೆ ಆಕೆ ಮಾತು ನಿಲ್ಲಿಸಿದ್ದಳು. ಸುಸ್ತಾದವರು ಮಾತು ಕಮ್ಮಿ ಮಾಡ್ತಾರೆ ಅಂದುಕೊಂಡೆ. ಆಮೇಲೆ ಕೂತಳು. ಮುಖ ಬೂದಿ ಬಣ್ಣ. ವಾಂತಿ ಆಯ್ತು. ಬೆವರು ತಣ್ಣಗಿತ್ತು. "ಕಣ್ಣು ಕತ್ತಲೆ ಬರ್ತಿದೆ" ಅಂದಳು. ಟೀಮ್ ಲೀಡ್ ನೀರು ತರೋಕೆ ಮೇಲೆ ಓಡಿದ. ನಾನು ಅವಳ ತಲೆ ಮೇಲೆ ಟವೆಲ್ ಹಿಡಿದು ನಿಂತೆ. ಅವತ್ತು ನಾನು ಎಣಿಸಿದ್ದು ಮೆಟ್ಟಿಲನ್ನಲ್ಲ, ಅವಳ ಉಸಿರನ್ನ. ಅವಳ ಅಮ್ಮನಿಗೆ ಫೋನ್ ಮಾಡಬೇಕಾಗಿ ಬಂದರೆ ಏನು ಹೇಳಲಿ ಅಂತ ಮನಸ್ಸಲ್ಲೇ ವಾಕ್ಯ ಕಟ್ಟುತ್ತಿದ್ದೆ.

ಕೆಳಗಿನಿಂದ ಬರುತ್ತಿದ್ದ ಒಂದು ಕುಟುಂಬ ತಮ್ಮ ನೀರನ್ನೂ, ಎರಡು ಕಿತ್ತಳೆ ಹಣ್ಣನ್ನೂ ಕೊಟ್ಟು ಹೋಯಿತು. ಹತ್ತು ಮೆಟ್ಟಿಲು, ಕೂರೋದು. ಮತ್ತೆ ಹತ್ತು. ಮೇಲೆ ಮುಟ್ಟಿದಾಗ ಐದು ಗಂಟೆ ದಾಟಿತ್ತು. ಸಾಗರದಲ್ಲಿ ಡ್ರಿಪ್ ಹಾಕಿಸಿದೆವು. ರೈಲು ಹೋಯಿತು. ಅವಳು ನನ್ನನ್ನ ಬೈಯಲಿಲ್ಲ. ಅದು ಇನ್ನೂ ಕಷ್ಟ.

ಗುಡ್ಡ ಹತ್ತುವಾಗ ಸುಸ್ತು ಮೊದಲೇ ಬರುತ್ತೆ. ಆಗಲ್ಲ ಅನ್ನಿಸಿದರೆ ತಿರುಗಿ ಇಳಿದುಬಿಡಬಹುದು. ಕಣಿವೆಯಲ್ಲಿ ಹಾಗಲ್ಲ, ಉಲ್ಟಾ. ಸುಖ ಎಲ್ಲಾ ಅಡ್ವಾನ್ಸ್ ಸಿಗುತ್ತೆ, ಬಿಲ್ಲು ಆಮೇಲೆ. ಮಾವ ಕೇಳಿದ್ದು ಇದನ್ನೇ.

ಎರಡು ವರ್ಷ ಬಿಟ್ಟು ಆಫೀಸಿನವರು ಆರು ತಿಂಗಳು ಫೀನಿಕ್ಸ್‌ಗೆ ಕಳಿಸಿದರು. ಅಲ್ಲಿಂದ ಗ್ರ್ಯಾಂಡ್ ಕ್ಯಾನ್ಯನ್ ನೋಡದೆ ಬಂದವರುಂಟೇ? ದಕ್ಷಿಣ ಅಂಚು 2,100 ಮೀಟರ್ ಎತ್ತರದಲ್ಲಿದೆ, ಕೊಲರಾಡೋ ನದಿ ಅದಕ್ಕಿಂತ ಸುಮಾರು 1,400 ಮೀಟರ್ ಕೆಳಗೆ. ಐದು ಜೋಗ ಒಂದರ ಮೇಲೊಂದು ಇಟ್ಟರೂ ಸಾಲದು. ಮರುಭೂಮಿ ಬೇರೆ, ಬೇಸಿಗೆಯಲ್ಲಿ ತಳದಲ್ಲಿ 40 ಡಿಗ್ರಿ ದಾಟುತ್ತೆ. ಅಲ್ಲಿನ ಸೂಚನೆ ಓದುತ್ತಾ ಓದುತ್ತಾ ಮಾವನೇ ಇಂಗ್ಲಿಷಿನಲ್ಲಿ ಬರೆದ ಹಾಗೆ ಅನ್ನಿಸಿತು: ಒಂದೇ ದಿನದಲ್ಲಿ ನದಿಗೆ ಹೋಗಿ ಬರೋ ಸಾಹಸ ಬೇಡ, ಬೇಸಿಗೆಯಲ್ಲಿ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರ ತನಕ ನಡೆಯಬೇಡಿ, ಇಳಿಯೋಕೆ ಎಷ್ಟು ಹೊತ್ತು ಬೇಕೋ ಹತ್ತೋಕೆ ಅದರ ಎರಡರಷ್ಟು ಇಟ್ಟುಕೊಳ್ಳಿ. ನಾನು ಸೌತ್ ಕೈಬಾಬ್ ದಾರಿಯಲ್ಲಿ ಸೀಡರ್ ರಿಡ್ಜ್ ತನಕ, ಅಂದರೆ ಎರಡೂವರೆ ಕಿಲೋಮೀಟರೂ ಇಲ್ಲ, ಇಳಿದು ತಿರುಗಿದೆ. ಆ ದಾರಿಯಲ್ಲಿ ಕುಡಿಯೋ ನೀರು ಎಲ್ಲೂ ಸಿಗಲ್ಲ, ಹಾಗಾಗಿ ಮೂರು ಲೀಟರ್ ಹೊತ್ತಿದ್ದೆ. ಜೊತೆಗಿದ್ದ ತೆಲುಗು ಹುಡುಗರು "ಇಷ್ಟೇನಾ?" ಅಂತ ನಕ್ಕರು. ನಕ್ಕೊಳ್ಳಲಿ.

ಕಳೆದ ವರ್ಷ ಊರಿಗೆ ಹೋದಾಗ ಆರಿಸೋ ಪಾಳಿ ಮತ್ತೆ ಬಂತು. ಈ ಸಲ ಜೊತೆಗೆ ಬರೋರು ಮಾವನೇ. ಎದೆಗೆ ಸ್ಟೆಂಟ್ ಹಾಕಿಸಿ ಎಂಟು ತಿಂಗಳು. ನಡೀಬಹುದು, ಏದುಸಿರು ಬರೋ ಹಾಗೆ ಬೇಡ ಅಂತ ಡಾಕ್ಟರು ಹೇಳಿದ್ದರು. ವರ್ಷಕ್ಕೊಂದು ಸಲ ಕೊಡಚಾದ್ರಿ ಹತ್ತುತ್ತಿದ್ದ ಮನುಷ್ಯ, "ಈ ವರ್ಷ ತಪ್ಪಿತು" ಅಂತ ಅತ್ತೆ ಹತ್ತಿರ ದಿನಾ ಗೊಣಗುತ್ತಿದ್ದರಂತೆ. "ಜನವರಿಗೆ ಬಂದರೆ ಹೋಗೋಣ" ಅಂದರು. ಜನವರಿ ಬೇಡ ಅಂದವಳು ಅತ್ತೆ. ನಮ್ಮ ಕಡೆ ಡಿಸೆಂಬರಿನಿಂದ ಮೇ ತನಕ ಮಂಗನ ಕಾಯಿಲೆ ಭಯ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಕಾಯಿಲೆ ಇದು. 2018-19ರಲ್ಲಿ ಜೋಗದ ಆಚೆಯ ಅರಳಗೋಡಿನಲ್ಲಿ ಎಷ್ಟೋ ಮನೆಗಳಲ್ಲಿ ಸಾವಾಯಿತು. ಹರಡೋದು ಉಣುಗಿನಿಂದ. ಮಂಗ ಸತ್ತು ಬಿದ್ದ ಜಾಗ ಅಂದರೆ ದೂರ ಇರಬೇಕು. ಬೆಂಗಳೂರಿನಿಂದ ಬರೋ ಟ್ರೆಕ್ಕಿಂಗ್ ಗುಂಪಿನವರು ಉಂಬಳಕ್ಕೆ ಹೆದರಿ ಬೇಸಿಗೆಯಲ್ಲಿ ಬರ್ತಾರೆ. ಉಂಬಳ ಕುಡಿಯೋದು ಸ್ವಲ್ಪ ರಕ್ತ ಮಾತ್ರ ಮಾರಾಯರೇ.

ಹಾಗಾಗಿ ನವೆಂಬರ್ ಕೊನೆ, ಮತ್ತು ಕವಲೇದುರ್ಗ. ಹೊಸನಗರ ದಾಟಿ, 1763ರಲ್ಲಿ ಹೈದರಾಲಿ ಹಿಡಿದ ಬಿದನೂರು, ಅಂದರೆ ಈಗಿನ ನಗರ, ಅದನ್ನೂ ದಾಟಿ ಹೋಗಬೇಕು. ಗದ್ದೆ ಬದಿಯಿಂದ ಶುರುವಾಗೋ ದಾರಿಗೆ ಕೆಳದಿ ಅರಸರ ಕಾಲದ ಚಪ್ಪಡಿ ಕಲ್ಲು ಹಾಸಿದೆ. ನಾನು ಇದನ್ನ ಆರಿಸಿದ್ದು ಇತಿಹಾಸಕ್ಕಲ್ಲ. ಸುತ್ತು ಸುತ್ತಾಗಿ ಕೋಟೆ ಗೋಡೆ, ಒಂದಾದ ಮೇಲೊಂದು ಬಾಗಿಲು. ಪ್ರತಿ ಬಾಗಿಲಲ್ಲೂ ನೆರಳಿದೆ, ಕೂರೋಕೆ ಕಲ್ಲಿದೆ, ಇಲ್ಲಿಗೆ ಸಾಕು ಅಂದರೆ ಯಾರಿಗೂ ಸೋತ ಹಾಗೆ ಕಾಣಲ್ಲ. ಹತ್ತೋದು ಮೊದಲು, ಇಳಿಯೋದು ಆಮೇಲೆ.

ಮೊದಲ ಬಾಗಿಲಲ್ಲಿ ಮಾವ ಕೂರಲಿಲ್ಲ. ಎರಡನೆಯದರಲ್ಲಿ ಕೂತರು, ಆದರೆ ಚಪ್ಪಲಿಯಲ್ಲಿ ಕಲ್ಲು ಸಿಕ್ಕಿದೆ ಅಂದರು. ಅದರ ಮುಂದಿನ ಬಾಗಿಲಲ್ಲಿ ನೆಪ ಹೇಳಲಿಲ್ಲ. ಕಂಬಕ್ಕೆ ಒರಗಿ, "ನೀನು ಹೋಗಿ ಬಾ, ನಾನು ಇಲ್ಲೇ ಕೂತಿರ್ತೇನೆ" ಅಂದರು.

"ನಾನೂ ಕೂರ್ತೀನಿ ಬಿಡಿ."

"ಹೋಗೋ ಮಾರಾಯ. ಮೇಲೆ ನೀರು ಎಷ್ಟಿದೆ ನೋಡ್ಕಂಡು ಬಂದು ಹೇಳು."

ಕಾಶಿ ವಿಶ್ವನಾಥ ದೇವಸ್ಥಾನ, ಅರಮನೆಯ ಅಡಿಪಾಯ, ಕಲ್ಲಿನ ಒಲೆ ಎಲ್ಲಾ ಒಂದು ಸುತ್ತು ನೋಡಿ, ಕೊಳದಲ್ಲಿ ಇಣುಕಿ, ತುದಿಯ ಬಂಡೆಗೆ ಹೋಗದೆ ವಾಪಸ್ ಬಂದೆ. ಮಾವನ ಎದುರಿಗೆ ಐದಾರು ಕಾಲೇಜು ಹುಡುಗರು ನಿಂತಿದ್ದರು. "ಎಷ್ಟು ಬಾಟಲಿ ನೀರು ತಂದೀರಿ? ಕತ್ತಲಾಗೋದರೊಳಗೆ ಇಳೀತೀರೋ ಇಲ್ವೋ?" ಅಂತ ವಿಚಾರಣೆ ನಡೀತಾ ಇತ್ತು.

"ಕೊಳ ತುಂಬಿದೆ ಮಾವ."

"ಅದು ಬತ್ತೋದಲ್ಲ." ಎದ್ದು ಪಂಚೆ ಕೊಡವಿಕೊಂಡರು. "ಬರೋ ವರ್ಷ ಕೊಡಚಾದ್ರಿ. ಜೀಪಲ್ಲಿ."

"ಜೀಪು ಇಳಿದ ಮೇಲೂ ಹತ್ತಬೇಕಲ್ಲ?"

"ಗೊತ್ತು ಮಾರಾಯ. ಅಲ್ಲೇ ಕೂತಿರ್ತೇನೆ."