ನೀಲಿ ಹೂವು

ಹೊಸಪೇಟೆಯ ನಮ್ಮ ಕೇರಿಗೆ ತುಂಗಭದ್ರೆ ಹತ್ತಿರ, ನಲ್ಲಿ ನೀರು ದೂರ. ಕಾಲುವೆ ಹಿಡಿದು ಹೋದ ನೀರು ಕಂಪ್ಲಿ ಕಡೆ ಭತ್ತವಾಗುತ್ತದೆ. ಅವ್ವ ಎರಡು ಕೊಡಕ್ಕಾಗಿ ನಸುಕಿನಲ್ಲೆದ್ದು ಪಾಳಿ ಹಚ್ಚುತ್ತಾಳೆ. ನಮ್ಮ ಅಂಗಳದ ಮಲ್ಲಿಗೆ ಎರಡು ಸಲ ಒಣಗಿತು.

ಉಳಿದದ್ದು ಸಂಡೂರಿನ ಗುಡ್ಡದ ಹೂವು. ಅಲ್ಲಿ ಅವ್ವ ಅದಿರು ಒಡೆಯುತ್ತಿದ್ದಳು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು, ಕೂಲಿಯೂ ನಿಂತಿತು. ಆ ಮಳೆಗಾಲ ಬುತ್ತಿ ಡಬ್ಬಿಯಲ್ಲಿ, ಬೇರಿನ ಮಣ್ಣು ಉದುರದ ಹಾಗೆ, ಗಿಡ ತಂದಳು. ಗೇಣುದ್ದದ ಎಳೆಗಳು ನೆಲಕ್ಕಂಟಿ ಹರಡಿದವು. ಎಲೆಯ ಮೇಲಿನ ರೇಷ್ಮೆಯಂಥ ಕೂದಲು ಬಿಸಿಲಿಗೆ ತೇವ ಹಾರದಂತೆ ಕಾಯುತ್ತದೆ. ಬೆಳಿಗ್ಗೆ ಅಂಗಿ ಗುಂಡಿಯಷ್ಟು ನೀಲಿ ಹೂ, ಮಧ್ಯಾಹ್ನಕ್ಕೆ ಮುದುಡುತ್ತದೆ. ನೀರು ಹೆಚ್ಚಾದರೇ ಕೇಡು.

ಕಾಲೇಜಿನ ಪುಸ್ತಕದಲ್ಲಿ ಹೆಸರು ಸಿಕ್ಕಿತು: ವಿಷ್ಣುಕ್ರಾಂತಿ. ಮನೆಯಲ್ಲಿ ಮೊದಲು ಡಿಗ್ರಿ ಓದಿದವನ ಗತ್ತಿನಲ್ಲಿ ಹೇಳಿದೆ.

"ವಿಷ್ಣು ಯಾವಾಗ ಬಂದಿದ್ನಪಾ ಗುಡ್ಡಕ್ಕ? ನಾನಂತೂ ನೋಡ್ಲಿಲ್ಲ."

ಕ್ರಾಂತಿ ಅಂದರೆ ಇಲ್ಲಿ ಹೆಜ್ಜೆ ಅಂತ ಬಿಡಿಸಿ ಹೇಳಿದೆ. (ನಾವು ಮೆರವಣಿಗೆಯಲ್ಲಿ ಕೂಗೋ ಕ್ರಾಂತಿ ಬೇರೆ.) ಅವ್ವ ತನ್ನ ಪಾದ ನೋಡಿಕೊಂಡಳು. ಅದಿರುಗಲ್ಲು ಬಿದ್ದು ಜಜ್ಜಿದ ಹೆಬ್ಬೆರಳಿಗೆ ಮತ್ತೆ ಉಗುರು ಬಂದಿಲ್ಲ. ಪುಸ್ತಕ ಮುಚ್ಚಿದೆ.

ಈ ಸಲ ಬೀಜ ಬಿದ್ದು ಅಂಗಳದಾಚೆ, ರಸ್ತೆಯ ಜಲ್ಲಿಯಲ್ಲೂ ಎರಡು ಹುಟ್ಟಿವೆ.