ಮುಟ್ಟಿ ನೋಡುವ ಯಂತ್ರ

ನಾವು ಪುಣೆಗೆ ಬಂದದ್ದು 1988ರಲ್ಲಿ, ಬ್ಯಾಂಕಿನ ವರ್ಗಾವಣೆಯ ಮೇಲೆ. ಆಮೇಲೆ ಮನೆಯ ಕನ್ನಡ ಮೆಲ್ಲಗೆ ಅಡಿಗೆಮನೆಗೆ ಸರಿದುಬಿಟ್ಟಿತು. "ಊಟಕ್ಕ ಬಾ", "ಲಗೂನ ಮಲಕೋ" ಇಷ್ಟಕ್ಕೆ ಕನ್ನಡ. ಓಣಿಯ ಸುದ್ದಿಗೆಲ್ಲ ಮರಾಠಿ. ಮಗಳ ಪಿಎಚ್.ಡಿ.ಗೆ ಇಂಗ್ಲಿಷ್, ಅದೂ ಎರಡೇ ಮಾತು: ನಾನು ಹೇಗೆ ನಡೆದಿದೆ ಎನ್ನುವುದು, ಅವಳು "ಫೈನ್, ಅಪ್ಪಾ" ಎನ್ನುವುದು. ಊರಲ್ಲೇ ಇರುವ ನಿಮಗೆ ಇದು ವಿಚಿತ್ರವೆನಿಸಬಹುದು. ಹೊರಗಿದ್ದವರಿಗೆ ಗೊತ್ತು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಅವಳ ಪ್ರಯೋಗಾಲಯ ಮುಚ್ಚಿತು. ಹಾಸ್ಟೆಲ್ ಬಿಟ್ಟು ಮನೆಗೆ ಬಂದವಳು ದಿನವೆಲ್ಲ ಲ್ಯಾಪ್‌ಟಾಪಿನಲ್ಲಿ ಗುಡ್ಡ ಕಣಿವೆಗಳಂಥ ಚಿತ್ರ ನೋಡುತ್ತ ಕೂಡುತ್ತಿದ್ದಳು. ನಾನು ಹಿಂದಿನ ವರ್ಷವಷ್ಟೇ ನಿವೃತ್ತನಾಗಿದ್ದೆ. ಓದಿದ್ದು ಎಂ.ಕಾಂ., ಭೌತಶಾಸ್ತ್ರ ಎಸ್ಸೆಸ್ಸೆಲ್ಸಿಗೇ ಮುಗಿದಿತ್ತು. "ದಿನಾ ಅರ್ಧ ತಾಸು ನನಗ ಇದನ್ನ ಕಲಸು, ಆದರ ಕನ್ನಡದಾಗ" ಎಂದೆ. ನಕ್ಕಳು. ಕಲಿಸಿದಳು.

ಸ್ಕ್ಯಾನಿಂಗ್ ಪ್ರೋಬ್ ಮೈಕ್ರೋಸ್ಕೋಪಿ ಎಂಬ ಈ ವಿದ್ಯೆಯಲ್ಲಿ ಮಸೂರವೇ ಇಲ್ಲ. ಇರುವುದು ಸೂಜಿ. 1981ರಲ್ಲಿ ಸ್ವಿಟ್ಜರ್ಲೆಂಡಿನ ಐಬಿಎಂ ಪ್ರಯೋಗಾಲಯದಲ್ಲಿ ಗೆರ್ಡ್ ಬಿನ್ನಿಗ್ ಮತ್ತು ಹೈನ್ರಿಖ್ ರೋರರ್ ಇದರ ಮೊದಲ ಯಂತ್ರ ಮಾಡಿದರು. 1986ರಲ್ಲಿ ನೊಬೆಲ್ ಬಂತು. ಚೂಪಾದ ಲೋಹದ ಸೂಜಿಯನ್ನು ವಸ್ತುವಿಗೆ ತಾಗದಂತೆ, ಒಂದು ನ್ಯಾನೊಮೀಟರಿನಷ್ಟು ಹತ್ತಿರ ತರುತ್ತಾರೆ. ನ್ಯಾನೊಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಸ್ವಲ್ಪ ವೋಲ್ಟೇಜು ಕೊಟ್ಟರೆ ಎಲೆಕ್ಟ್ರಾನುಗಳು ಆ ಸಂದನ್ನು ದಾಟುತ್ತವೆ. ಅಂತರ 0.1 ನ್ಯಾನೊಮೀಟರ್ ಹೆಚ್ಚಿದರೆ ಕರೆಂಟು ಸುಮಾರು ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಇದನ್ನು ಕನ್ನಡದಲ್ಲಿ ಹೇಳಲು ಮಗಳು ತಡವರಿಸಿದಳು. ನಾನೆಂದೆ, ಇದು ನಮ್ಮ ಸವಕಳಿ ಲೆಕ್ಕ ಕಣವ್ವಾ. ವರ್ಷವರ್ಷವೂ ಉಳಿದ ಮೌಲ್ಯದ ಮೇಲೆ ಶೇ. 90 ಸವಕಳಿ ಹಾಕಿದರೆ ಎರಡೇ ವರ್ಷದಲ್ಲಿ ನೂರು ರೂಪಾಯಿ ಒಂದು ರೂಪಾಯಿ ಆಗುತ್ತದೆ, ಆದರೆ ಎಂದಿಗೂ ಸೊನ್ನೆಯಾಗದು. ಕಾಮರ್ಸ್ ಓದಿದ್ದಕ್ಕೆ ಆ ರಾತ್ರಿಯಷ್ಟು ಹೆಮ್ಮೆ ನನಗೆ ಎಂದೂ ಆಗಿರಲಿಲ್ಲ.

ಕರೆಂಟು ಒಂದೇ ಮಟ್ಟದಲ್ಲಿರುವಂತೆ ಸೂಜಿಯನ್ನು ಏರಿಸಿ ಇಳಿಸುತ್ತ, ಸಾಲುಸಾಲಾಗಿ ನಡೆಸಿ, ಪ್ರತಿ ಬಿಂದುವಿನ ಎತ್ತರ ಬರೆದಿಡುತ್ತಾರೆ. 256 ಸಾಲು, ಸಾಲಿಗೆ 256 ನಮೂದು, ಒಟ್ಟು 65,536. ಅಂದರೆ ಅದು ಚಿತ್ರವಲ್ಲ, ಲೆಡ್ಜರು! ಬಣ್ಣ ಆಮೇಲೆ ನಾವು ಹಚ್ಚಿದ್ದು. ಕರೆಂಟು ಹರಿಯದ ವಸ್ತುಗಳಿಗಾಗಿ 1986ರಲ್ಲಿ ಬಿನ್ನಿಗ್, ಕ್ವೇಟ್ ಮತ್ತು ಗರ್ಬರ್ ಇನ್ನೊಂದು ಬಗೆಯ ಯಂತ್ರ ಮಾಡಿದರು. ಈಗಿನ ಅಂಥ ಯಂತ್ರಗಳಲ್ಲಿ, ಈಜುಕೊಳದ ಜಿಗಿಯುವ ಹಲಗೆಯಂಥ ಒಂದು ಪುಟ್ಟ ಪಟ್ಟಿಯ ತುದಿಯಲ್ಲಿ ಸೂಜಿ ಇರುತ್ತದೆ. ಪಟ್ಟಿ ಎಷ್ಟು ಬಾಗಿತೆಂಬುದನ್ನು ಅದರ ಬೆನ್ನಿನ ಮೇಲೆ ಬಿದ್ದು ಹೊರಳುವ ಲೇಸರ್ ಕಿರಣ ಹೇಳುತ್ತದೆ.

ಧಾರವಾಡದ ನನ್ನ ಅಕ್ಕನಿಗೆ ಗ್ಲಾಕೋಮಾದಿಂದ ಎರಡೂ ಕಣ್ಣು ಹೋಗಿವೆ. ಫೋನಿನಲ್ಲಿ ಇದನ್ನೆಲ್ಲ ಅವಳಿಗೆ ಹೇಳಿದೆ. ಕಾಣದೆ ಹೇಗೆ ನೋಡುತ್ತಾರೆ ಎಂದು ಬೇರೆಯವರು ಕೇಳುತ್ತಿದ್ದರು, ಅಕ್ಕ ಕೇಳಲಿಲ್ಲ. ನಾವು ಮುಟ್ಟಿ ನೋಡು, ಮೂಸಿ ನೋಡು, ರುಚಿ ನೋಡು ಎನ್ನುವವರಲ್ಲವೆ? (ಮರಾಠಿಯಲ್ಲೂ ಹೀಗೇ ಅನ್ನುತ್ತಾರೆ ಎಂದು ಮಗಳು ನೆನಪಿಸಿದಳು.) ಅಕ್ಕ ಕೇಳಿದ್ದು ಬೇರೆ: "ಬಟ್ಟಿಗೆ ಗಾಯಾದಾಗ ನನಗ ಅಕ್ಕಿಯೊಳಗ ಹಳ್ಳು ತಿಳಿಯೂದಿಲ್ಲ. ಆ ಸೂಜಿ ಮೊಂಡಾದ್ರ?"

ಮಗಳು ಲ್ಯಾಪ್‌ಟಾಪಿನಿಂದ ತಲೆ ಎತ್ತಿದಳು. "ಅತ್ಯಾ ಖರೇ ಪ್ರಶ್ನಿ ಕೇಳ್ಯಾಳ" ಎಂದಳು. ಸೂಜಿ ಮೊಂಡಾದರೆ ಗುಂಡಿಯ ತಳ ಮುಟ್ಟುವುದಿಲ್ಲ. ತುದಿ ಎರಡಾಗಿ ಸೀಳಿದರೆ ಒಂದೊಂದು ಉಬ್ಬೂ ಎರಡೆರಡಾಗಿ ಕಾಣುತ್ತದೆ. ವಸ್ತುವನ್ನು ತಿರುಗಿಸಿಟ್ಟು ಮತ್ತೆ ತೆಗೆದಾಗ ಚಿತ್ರವೂ ತಿರುಗಿದರೆ ಅದು ವಸ್ತುವಿನದು. ತಿರುಗದಿದ್ದರೆ ಸೂಜಿಯದ್ದೋ ಯಂತ್ರದ್ದೋ. ನಮ್ಮ ಆಡಿಟ್ ಇದಕ್ಕಿಂತ ಬೇರೆ ಏನಲ್ಲ.

2023ರ ಫೆಬ್ರುವರಿ 28, ವಿಜ್ಞಾನ ದಿನದಂದು ಪ್ರಯೋಗಾಲಯ ನೋಡಲು ಬಿಟ್ಟರು. ಇಷ್ಟೆಲ್ಲ ನಾಜೂಕಿನ ಯಂತ್ರದ ಸೂಜಿಯನ್ನು ಮಗಳು ತಯಾರಿಸಿದ್ದು ಕತ್ತರಿಯಿಂದ! ಪ್ಲಾಟಿನಂ-ಇರಿಡಿಯಂ ತಂತಿಯನ್ನು ಇಕ್ಕಳದಿಂದ ಹಿಡಿದು, ಓರೆಯಾಗಿ ಕತ್ತರಿಸುತ್ತಲೇ ಎಳೆದಳು. ಗ್ರಾಫೈಟಿನ ತುಂಡಿಗೆ ಅಂಟುಟೇಪು ಹಚ್ಚಿ ಕಿತ್ತಾಗ ಹೊಸ ಮೇಲ್ಮೈ ಮೇಲೆ ಬಂತು. ಮೂರು ತಂತಿ ಹಾಳಾದವು. ಮಾತಾಡಿದರೆ ಅದಿರುತ್ತದೆಂದು ಎಲ್ಲರನ್ನೂ ಸುಮ್ಮನಾಗಿಸಿದರು. ನಾಲ್ಕನೆಯ ಸೂಜಿಗೆ ಪರದೆಯ ಮೇಲೆ ಚುಕ್ಕಿಗಳು ಮೂಡಿದವು, ರಂಗೋಲಿಗೆ ಇಟ್ಟಂತೆ.

ಎಣಿಸುವುದು ನನ್ನ ಚಟ. ಗ್ರಾಫೈಟಿನ ಪ್ರತಿ ಉಂಗುರದಲ್ಲಿ ಆರು ಪರಮಾಣು ಎಂದು ಕಲಿತಿದ್ದೆ, ಇಲ್ಲಿ ಮೂರೇ. "ಇನ್ನ ಮೂರು ಎಲ್ಲೆ?" ಎಂದು ಪಿಸುಗುಟ್ಟಿದೆ.

"ಅದಾವ ಅಪ್ಪಾ. ಅವುಗಳ ಸರೀ ಕೆಳಗಿನ ಪದರಿನ್ಯಾಗ ಇನ್ನೊಂದೊಂದು ಪರಮಾಣು ಕೂತದ, ಅದಕ್ಕ ಮಂಕಾಗ್ಯಾವ. ಸೂಜಿಗೆ ಸಿಗೂದು ಎಲೆಕ್ಟ್ರಾನು, ಪರಮಾಣು ಅಲ್ಲ."

ಇದನ್ನು ಅಕ್ಕನಿಗೆ ಹೇಗೆ ಹೇಳಲಿ ಎಂದೆ.

"ನೀ ಬಿಡು, ಅತ್ಯಾಗ ನಾನ ಹೇಳ್ತೀನಿ" ಎಂದು ಸ್ಟೂಲು ಎಳೆದುಕೊಂಡು ಮುಂದಿನ ತಂತಿ ಕತ್ತರಿಸಲು ಕೂತಳು.